ಮರ ಬಿದ್ದ ಮಾರನೇ ದಿನ ಯಾರು ಬರುತ್ತಾರೆ? ಮಲೆನಾಡಿನ ಮನೆಗೆ ಇಂಟರ್ನೆಟ್ ಆರಿಸುವ ಬಗೆ

ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆ ಹೋಗುವ ರಸ್ತೆ ಬಿಟ್ಟು, ತೋಟದ ನಡುವೆ ಎರಡೂವರೆ ಕಿಲೋಮೀಟರ್ ಒಳಗೆ ಬಂದರೆ ನಮ್ಮ ಮನೆ. ಕಳೆದುಹೋದ ಮೊಬೈಲ್ ಬ್ಲಾಕ್ ಮಾಡಿಸಲು ಸಂಚಾರ್ ಸಾಥಿ ಅನ್ನುವ ಸರ್ಕಾರದ ಜಾಲತಾಣವಿದೆಯಲ್ಲ, ಅದರಲ್ಲೇ ಪಿನ್ ಕೋಡ್ ಹಾಕಿದರೆ ಆ ಊರಿಗೆ ತಂತಿ ಇಂಟರ್ನೆಟ್ ಕೊಡುವ ಕಂಪನಿಗಳ ಪಟ್ಟಿಯೂ ಸಿಗುತ್ತದೆ. ನಾನೂ ಹಾಕಿ ನೋಡಿದೆ. ಬಂದ ಹೆಸರುಗಳನ್ನು ಕಂಡು ಖುಷಿಯಾಯಿತು. ಒಂದೊಂದೇ ನಂಬರಿಗೆ ಫೋನ್ ಮಾಡುತ್ತಾ ಹೋದ ಹಾಗೆ ಖುಷಿ ಇಳಿಯಿತು. ಒಬ್ಬರ ತಂತಿ ಆಲ್ದೂರು ಪೇಟೆ ದಾಟುವುದಿಲ್ಲ. ಇನ್ನೊಬ್ಬರು "ಹತ್ತು ಮನೆ ಸೇರಿಸಿ ಕೊಡಿ, ಬರ್ತೀವಿ" ಅಂದರು. ನಮ್ಮ ಸುತ್ತ ಒಂದೂವರೆ ಕಿಲೋಮೀಟರಿನಲ್ಲಿ ಇರುವುದೇ ಆರು ಮನೆ. ಮತ್ತೊಬ್ಬರ ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಕೊನೆಗೆ ಉಳಿದದ್ದು ಎರಡು.

ಹಾಸನದ ವಿದ್ಯಾನಗರದಲ್ಲಿರುವ ತಂಗಿಗೆ ಇದೆಲ್ಲ ತಮಾಷೆ. ಅವಳ ಬೀದಿಯ ಒಂದೇ ಕಂಬಕ್ಕೆ ನಾಲ್ಕು ಕಂಪನಿಯ ತಂತಿ ಸುತ್ತಿಕೊಂಡಿವೆ. ಒಬ್ಬರು ಸರಿ ಇಲ್ಲ ಅಂದರೆ ಮಾರನೇ ದಿನ ಇನ್ನೊಬ್ಬರು ಏಣಿ ತಂದು ನಿಲ್ಲುತ್ತಾರೆ. ಅವಳು ಬೆಲೆ ನೋಡಿ, ಸ್ಪೀಡ್ ನೋಡಿ, ಓಟಿಟಿ ಯಾವುದು ಸೇರಿಸಿ ಕೊಡುತ್ತಾರೆ ಅಂತ ನೋಡಿ ಆರಿಸಬಹುದು. ಜಾಲತಾಣಗಳಲ್ಲಿ ಸಿಗುವ ಹೋಲಿಕೆಯ ಕೋಷ್ಟಕಗಳೆಲ್ಲ ಅವಳಂಥವರಿಗಾಗಿ ಬರೆದವು. ಚಿಕ್ಕಮಗಳೂರು ಪೇಟೆ, ಕಡೂರು, ಬೀರೂರು, ಅರಸೀಕೆರೆಯವರಿಗೂ ಹೆಚ್ಚುಕಡಿಮೆ ಅದೇ ಸಾಕು. ಈ ಬರಹ ಮೂಡಿಗೆರೆ, ಕಳಸ, ಕೊಪ್ಪ, ಆಲೂರು, ಸಕಲೇಶಪುರದ ಒಳಹಳ್ಳಿಗಳಲ್ಲಿ "ಇರೋದೇ ಎರಡು, ಅದರಲ್ಲಿ ಯಾವುದು?" ಅಂತ ಕೇಳುವವರಿಗೆ.

ಎರಡು ಬಿಲ್, ಒಂದೇ ತಂತಿ

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಮಗಳಿಗೆ ಮನೆಯಿಂದಲೇ ಕೆಲಸ. ಮಳೆಗಾಲದಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಆ ಎರಡೂ ಕನೆಕ್ಷನ್ ಹಾಕಿಸಿದೆ. ಪುನರ್ವಸು ಮಳೆಯಲ್ಲಿ ರಸ್ತೆ ತಿರುವಿನ ಹಳೇ ಮರ ಕಂಬದ ಮೇಲೆ ಒರಗಿತು. ಎರಡೂ ಮೋಡೆಮ್ ಡಬ್ಬಿಯಲ್ಲಿ ಒಟ್ಟಿಗೇ ಕೆಂಪು ದೀಪ. ಆಮೇಲೆ ನಡೆದುಕೊಂಡು ಹೋಗಿ ನೋಡಿದರೆ, ಎರಡು ಕಂಪನಿಯ ತಂತಿಯೂ ಅದೇ ಕಂಬಗಳ ಮೇಲೆ, ಒಂದರ ಪಕ್ಕ ಒಂದು, ಜೋಡೆತ್ತಿನ ಹಾಗೆ ಬಂದಿವೆ. ಕಟ್ಟಿದವನೂ ಒಬ್ಬನೇ ಹುಡುಗ. ಎರಡು ಕಂಪನಿಯ ಕೆಲಸವನ್ನೂ ಅವನೇ ಗುತ್ತಿಗೆಯಲ್ಲಿ ಮಾಡುತ್ತಾನೆ. ಹದಿಮೂರು ದಿನ ಎರಡೂ ಸತ್ತಿದ್ದವು. ಎರಡಕ್ಕೂ ಬಿಲ್ ಬಂತು.

ಅವತ್ತಿನಿಂದ ಯಾರಾದರೂ ಯಾವ ಕಂಪನಿ ಒಳ್ಳೆಯದು ಅಂತ ಕೇಳಿದರೆ, ಮೊದಲು ತಂತಿ ಬರುವ ದಾರಿಯಲ್ಲಿ ನಡೆದುಕೊಂಡು ಹೋಗಿ ಬನ್ನಿ ಅನ್ನುತ್ತೇನೆ. ಮನೆಯಿಂದ ಮುಖ್ಯರಸ್ತೆಯವರೆಗೆ ಎಷ್ಟು ಕಂಬ, ಎಷ್ಟು ಮರ, ಎಲ್ಲಿ ತಂತಿ ಗಿಡಕ್ಕೆ ಕಟ್ಟಿದ್ದಾರೆ, ಎಲ್ಲಿ ನೆಲದ ಮೇಲೇ ಬಿದ್ದಿದೆ, ನೋಡಿ ಬರೆದುಕೊಳ್ಳಿ. ಕಂಪನಿಯ ಹೆಸರು ಆಮೇಲಿನ ಮಾತು. ನಮ್ಮ ಕಡೆ ಇಂಟರ್ನೆಟ್ ಕೆಡುವುದು ದೂರದ ಊರಿನ ಕಂಪ್ಯೂಟರಿನಲ್ಲಿ ಅಲ್ಲ, ಈ ಎರಡು ಕಿಲೋಮೀಟರಿನಲ್ಲಿ. ಮೇ ತಿಂಗಳ ಮರಗಸಿಯಲ್ಲಿ, ಅಂದರೆ ತೋಟದ ನೆರಳಿನ ಮರ ಸವರುವಾಗ, ಕಡಿದ ಕೊಂಬೆ ತಂತಿ ಮೇಲೆ ಬೀಳುತ್ತದೆ. ಅಳಿಲು ಕಡಿಯುತ್ತದೆ, ಮಂಗ ಜೋತಾಡುತ್ತದೆ. ಆಲೂರು-ಸಕಲೇಶಪುರದ ಕಡೆ ಆನೆ ಕಂಬಕ್ಕೆ ಮೈ ಉಜ್ಜಿದರೆ ಮುಗಿಯಿತು. ರಾಷ್ಟ್ರೀಯ ಹೆದ್ದಾರಿ 75ರ ಅಗಲೀಕರಣದಂಥ ಕೆಲಸ ನಡೆಯುವಲ್ಲಿ ಜೆಸಿಬಿಯ ಒಂದು ಹಲ್ಲು ಸಾಕು.

ಫೈಬರ್: ಸಿಕ್ಕರೆ ಅದೇ, ಆದರೆ ಯಾರ ಕೈಯಿಂದ?

ಫೈಬರ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕು ಹರಿಯುವ ತಂತಿ, ಮನೆ ಬಾಗಿಲಿಗೆ ಬರುವಂತಿದ್ದರೆ ಬೇರೆ ಯೋಚನೆ ಬೇಡ. ಹಳೇ ತಾಮ್ರದ ಲೈನಿನ ಕಾಲದಲ್ಲಿ ಗುಡುಗು ಬಂದರೆ ಓಡಿಹೋಗಿ ಮೋಡೆಮ್ ಕಿತ್ತಿಡುತ್ತಿದ್ದೆವು. ಒಂದು ಮಳೆಗಾಲಕ್ಕೆ ಎರಡು ಮೋಡೆಮ್ ಸುಟ್ಟ ವರ್ಷವೂ ಇದೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಆ ಭಯ ಬಹಳ ಕಡಿಮೆ. ಪೂರ್ತಿ ಇಲ್ಲ ಅನ್ನುವಂತಿಲ್ಲ: ಬಲಕ್ಕೆಂದು ತಂತಿಯ ಒಳಗೆ ಉಕ್ಕಿನ ಎಳೆ ಇರುತ್ತದೆ, ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ. ಸಿಡಿಲು ಹತ್ತಿರವಿದ್ದರೆ ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ.

ನಮ್ಮ ಕಡೆ ಫೈಬರ್ ಮೂರು ಬಗೆಯಲ್ಲಿ ಬರುತ್ತದೆ. ಒಂದು ಬಿಎಸ್‌ಎನ್‌ಎಲ್. ಹಳ್ಳಿಗಳಲ್ಲಿ ಇದನ್ನು ಬಹುತೇಕ ಸ್ಥಳೀಯ ಪಾಲುದಾರರೇ ನಡೆಸುತ್ತಾರೆ. ತಂತಿ ಎಳೆಯುವುದು, ರಿಪೇರಿ ಮಾಡುವುದು ಅವರು, ಬಿಲ್ ಬಿಎಸ್‌ಎನ್‌ಎಲ್ ಹೆಸರಲ್ಲಿ, ಹಣದಲ್ಲಿ ಇಬ್ಬರಿಗೂ ಪಾಲು. ಹಾಗಾಗಿ "ಬಿಎಸ್‌ಎನ್‌ಎಲ್ ಹೇಗೆ?" ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಒಂದು ಹೋಬಳಿಯಲ್ಲಿ ಚಿನ್ನದಂಥ ಪಾಲುದಾರ, ಪಕ್ಕದ ಹೋಬಳಿಯಲ್ಲಿ ಫೋನೇ ಎತ್ತದವನು. ಕೇಳಬೇಕಾದದ್ದು ಆ ಮನುಷ್ಯ ಹೇಗೆ ಅಂತ. ಎರಡನೆಯದು ನಮ್ಮ ಕೇಬಲ್‌ನವರು. ಟಿವಿ ಕೇಬಲ್ ಕೊಡುತ್ತಿದ್ದವರೇ ದೊಡ್ಡ ಕಂಪನಿಯಿಂದ ಇಂಟರ್ನೆಟ್ ತಂದು ಹಂಚುತ್ತಾರೆ. ಮೂರನೆಯದು ಜಿಯೋ, ಏರ್‌ಟೆಲ್‌ನಂಥ ದೊಡ್ಡವರು ನೇರವಾಗಿ ಎಳೆದದ್ದು. ಇದು ಪೇಟೆಯ ಅಂಚಿಗೆ ಬಂದು ನಿಲ್ಲುವುದೇ ಹೆಚ್ಚು.

ಇವುಗಳಲ್ಲಿ ನನ್ನ ಒಲವು ಎತ್ತ ಅಂದರೆ, ಒಳಹಳ್ಳಿಯಲ್ಲಿ ಕೇಬಲ್‌ನವರ ಕಡೆಗೆ. ಅವರ ಸ್ಪೀಡ್ ಸಂಜೆ ಎಂಟು ಗಂಟೆಗೆ ಕುಂಟುತ್ತದೆ, ರಸೀದಿ ಕೇಳಿದರೆ ಮುಖ ಸಿಂಡರಿಸುತ್ತಾರೆ, ಅದೆಲ್ಲ ನಿಜ. ಆದರೆ ಅವರ ಅಂಗಡಿ ಎಲ್ಲಿದೆ ಅಂತ ಗೊತ್ತು, ಸಂತೆಯ ದಿನ ಎದುರಿಗೆ ಸಿಗುತ್ತಾರೆ, ಅವರ ಮನೆಯ ತಂತಿಯೂ ಅದೇ ಕಂಬದ ಮೇಲಿದೆ. ದೂರದ ಕಾಲ್ ಸೆಂಟರಿನಲ್ಲಿ ಕೂತ ಹುಡುಗಿಗೆ "ಚರ್ಚ್ ಹಿಂದಿನ ಸಂಕದ ಹತ್ತಿರ ಕಟ್ಟಾಗಿದೆ" ಅಂತ ಅರ್ಥ ಮಾಡಿಸಿ ನೋಡಿ.

ಗ್ರಾಮ ಪಂಚಾಯಿತಿ ಕಚೇರಿಯನ್ನೂ ಒಮ್ಮೆ ವಿಚಾರಿಸಿ. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಅಂತ ಹೆಸರಾದ ಯೋಜನೆಯಲ್ಲಿ ಪಂಚಾಯಿತಿಗಳವರೆಗೆ ಫೈಬರ್ ಬಂದಿದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಅದಕ್ಕೆ 1.39 ಲಕ್ಷ ಕೋಟಿ ರೂಪಾಯಿಯ ಮುಂದಿನ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಮನೆಗಳಿಗೆ ಎಳೆಯಲು ಸ್ಥಳೀಯ ಉದ್ಯಮಿಗಳನ್ನು ಸೇರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಕಚೇರಿಯ ಮೂಲೆಯ ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿದೆಯೋ ಅಥವಾ ಅದರ ಮೇಲೆ ರೇಷನ್ ಕಾರ್ಡ್ ಅರ್ಜಿಗಳ ಕಟ್ಟು ಕೂತಿದೆಯೋ ಅನ್ನುವುದರಲ್ಲೇ ನಿಮ್ಮ ಉತ್ತರ ಇದೆ.

ಹಾಕಿಸುವ ದಿನ ಹುಡುಗನಿಗೆ ಒಂದು ಪ್ರಶ್ನೆ ಕೇಳಿ: "ಪವರ್ ಎಷ್ಟು ಬರ್ತಿದೆ ಮಾರಾಯ?" ಅವನ ಕೈಲಿ ಒಂದು ಸಣ್ಣ ಮೀಟರ್ ಇರುತ್ತದೆ. ಬೆಳಕಿನ ಬಲವನ್ನು ಅದು ಮೈನಸ್ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ ಇಪ್ಪತ್ತರ ಆಸುಪಾಸು ಬಂದರೆ ಕಾಫಿ ಕೊಟ್ಟು ಕಳಿಸಿ. ಮೈನಸ್ ಇಪ್ಪತ್ತೇಳು ಅಂದರೆ ಡಬ್ಬಿ ಹಿಡಿಯಬಲ್ಲ ಕೊನೆಯ ಮಿತಿ. ಅವತ್ತು ನಡೆಯುತ್ತದೆ, ಮೊದಲ ಮಳೆಗೆ ಜಾಯಿಂಟಿನಲ್ಲಿ ತೇವ ಸೇರಿದರೆ ನಿಲ್ಲುತ್ತದೆ. ಆಗಲೇ ಜಾಯಿಂಟ್ ಮತ್ತೆ ಮಾಡಿಸಿ, ಹಣ ಆಮೇಲೆ ಕೊಡಿ. ಪ್ರತಿ ಜಾಯಿಂಟಿಗೂ ಒಂದಿಷ್ಟು ಬೆಳಕು ಸೋರುತ್ತದೆ. ಟೇಪು ಸುತ್ತಿ ಬಿಟ್ಟ ಜಾಯಿಂಟ್ ಇದ್ದರೆ ಆಷಾಢ ದಾಟುವುದಿಲ್ಲ.

ಗಾಳಿಯಲ್ಲಿ ಬರುವುದು

ತಂತಿ ಬರದ ಮನೆಗೆ ಈಗ ಇರುವ ಇನ್ನೊಂದು ದಾರಿ ಏರ್‌ಫೈಬರ್. ಏರ್‌ಟೆಲ್ 2023ರ ಆಗಸ್ಟಿನಲ್ಲಿ, ಜಿಯೋ ಅದೇ ವರ್ಷ ಗಣೇಶ ಚತುರ್ಥಿಯಂದು ಶುರು ಮಾಡಿದವು. ಹೆಸರಿನಲ್ಲಿ ಫೈಬರ್ ಇದೆ ಅಂತ ಮೋಸಹೋಗಬೇಡಿ. ಫೈಬರ್ ಇರುವುದು ಟವರಿನವರೆಗೆ, ಅಲ್ಲಿಂದ ನಿಮ್ಮ ಮನೆಯ ಸೂರಿನವರೆಗೆ ಬರುವುದು ಮೊಬೈಲಿನ 5ಜಿ ಸಿಗ್ನಲ್ಲೇ. ಹೊರಗೆ ಒಂದು ಡಬ್ಬಿ, ಒಳಗೆ ಒಂದು ವೈಫೈ ಡಬ್ಬಿ. ಮರ ಬಿದ್ದರೆ ಇದಕ್ಕೆ ಏನೂ ಆಗುವುದಿಲ್ಲ, ಅದೇ ಇದರ ದೊಡ್ಡ ಗುಣ.

ಆದರೆ ನಿಂತಿರುವ ಮರವೇ ಇದಕ್ಕೆ ತೊಡಕು. ಕಾಫಿ ತೋಟದ ನೆರಳಿನ ಮರಗಳ ನಡುವೆ ಮನೆ ಇದ್ದರೆ, ಒಣಗಾಲದಲ್ಲಿ ಚೆನ್ನಾಗಿ ಬರುವ ಸಿಗ್ನಲ್ ಜೂನಿನಲ್ಲಿ ಸೊರಗುತ್ತದೆ. ನೀರು ಕುಡಿದ ಎಲೆ ಈ ಅಲೆಗಳನ್ನು ನುಂಗುತ್ತದೆ. 3500 ಮೆಗಾಹರ್ಟ್ಸ್‌ನ ಅಲೆ ವೇಗ ಹೆಚ್ಚು ಕೊಡುತ್ತದೆ, ಗುಡ್ಡ ಮರ ದಾಟಲು ಸೋಲುತ್ತದೆ. 700 ಮೆಗಾಹರ್ಟ್ಸ್‌ನದು ದೂರ ಬರುತ್ತದೆ, ವೇಗ ಕಡಿಮೆ. ಟವರ್ ಎಲ್ಲಿದೆ ಅಂತ ನೋಡಲು ಕೇಂದ್ರ ಸರ್ಕಾರದ ತರಂಗ್ ಸಂಚಾರ್ ಜಾಲತಾಣದ ನಕ್ಷೆ ಇದೆ. ಕಂಪನಿಗಳೂ ತಮ್ಮ ವ್ಯಾಪ್ತಿಯ ನಕ್ಷೆ ಹಾಕಲೇಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ನಿಯಮದಲ್ಲಿ ಹೇಳಿದೆ. ನಕ್ಷೆಯಲ್ಲಿ ಬಣ್ಣ ಇದ್ದ ಮಾತ್ರಕ್ಕೆ ನಿಮ್ಮ ಕಣಿವೆಯಲ್ಲಿ ಸಿಗ್ನಲ್ ಇರುತ್ತದೆ ಅಂತಲ್ಲ. ನಡುವೆ ಒಂದು ಗುಡ್ಡದ ಬೆನ್ನು ಇದ್ದರೆ ಟವರ್ ಒಂದೇ ಕಿಲೋಮೀಟರಿನಲ್ಲಿದ್ದರೂ ಉಪಯೋಗವಿಲ್ಲ.

ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಆ ಕಂಪನಿಯ ಸಿಮ್ ಇರುವ 5ಜಿ ಫೋನನ್ನು ಯಾರ ಹತ್ತಿರವಾದರೂ ಇಸಕೊಂಡು, ಮಳೆ ಜೋರಾಗಿ ಹೊಯ್ಯುವ ದಿನ, ಸಂಜೆ ಏಳೂವರೆಯಿಂದ ಒಂಬತ್ತರ ಒಳಗೆ, ಹೆಂಚಿನ ಮಾಡಿನ ತುದಿಯಲ್ಲಿ ನಾಲ್ಕೂ ದಿಕ್ಕಿಗೆ ಹಿಡಿದು ಸ್ಪೀಡ್ ನೋಡಿ. ಮಾರಲು ಬರುವ ಹುಡುಗ ಮಾರ್ಚಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬಂದು ತೋರಿಸುವ ಅಂಕಿ ನಂಬಬೇಡಿ. ಡೌನ್‌ಲೋಡ್ ಜೊತೆಗೆ ಅಪ್‌ಲೋಡನ್ನೂ ನೋಡಿ. ವಿಡಿಯೋ ಕರೆಯಲ್ಲಿ ನಿಮ್ಮ ಮುಖ ಆಚೆ ಹೋಗಬೇಕಲ್ಲ, ಏರ್‌ಫೈಬರ್ ಸೊರಗುವುದು ಅಲ್ಲೇ ಹೆಚ್ಚು.

ಇನ್ನೊಂದು ಸೂಕ್ಷ್ಮ. ಟವರಿನ ಸಾಮರ್ಥ್ಯ ಊರಿನ ಎಲ್ಲ ಮೊಬೈಲುಗಳ ಜೊತೆ ಹಂಚಿಕೆ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ತಪ್ಪಲಿನ ಹೋಂಸ್ಟೇಗಳು ತುಂಬಿದಾಗ ಅಲ್ಲಿಯ ಮನೆಯವರಿಗೆ ಏನು ಉಳಿಯುತ್ತದೆ ಅಂತ ಅವರನ್ನೇ ಕೇಳಿ. ಹೋಂಸ್ಟೇ ನಡೆಸುವವರು ಇದೊಂದನ್ನೇ ನಂಬಿ "ವೈಫೈ ಇದೆ" ಅಂತ ಬೋರ್ಡು ಹಾಕುವ ಮುಂಚೆ ಒಂದು ದೀರ್ಘ ರಜೆಯ ವಾರಾಂತ್ಯ ನೋಡಿಬಿಡುವುದು ವಾಸಿ.

ಏರ್‌ಫೈಬರ್ ನಿಮ್ಮ ಊರಿಗೆ ಕೊಡುವುದಿಲ್ಲ ಅಂದರೂ 4ಜಿ ಇದ್ದರೆ ಸಿಮ್ ಹಾಕುವ ರೂಟರ್ ಕೊಂಡು, ಹೊರಗೆ ಬಿದಿರಿಗೋ ನೀರಿನ ಟ್ಯಾಂಕಿನ ಕಂಬಕ್ಕೋ ಆಂಟೆನಾ ಕಟ್ಟಿ ಟವರಿನ ಕಡೆ ತಿರುಗಿಸಬಹುದು. ಹಿಂದೆ ದೂರದರ್ಶನಕ್ಕೆ ಮಾಡಿನ ಮೇಲೆ ಹತ್ತಿ "ಈಗ ಬಂತಾ? ಈಗ?" ಅಂತ ಕೂಗುತ್ತಿದ್ದ ತಲೆಮಾರಿಗೆ ಹೊಸದಾಗಿ ಕಲಿಸಬೇಕಾದದ್ದು ಏನೂ ಇಲ್ಲ. ದಿನಕ್ಕೆ ಇಷ್ಟೇ ಜಿಬಿ ಅನ್ನುವ ಮಿತಿಯಲ್ಲಿ ಸಂಸಾರ ನಡೆಯುವುದು ಕಷ್ಟ, ಆಪತ್ತಿಗೆ ಮಾತ್ರ ಸಾಕು.

ಆಕಾಶದ ಮಾತು

ಉಪಗ್ರಹದ ಇಂಟರ್ನೆಟ್ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ಹಾಸನದ ಇಸ್ರೋ ಕೇಂದ್ರ 1982ರಿಂದ 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಕೂತಲ್ಲಿಂದಲೇ ತಿರುಗಿಸುತ್ತಿದೆ. ಅಲ್ಲಿಂದ ನಲವತ್ತು ಕಿಲೋಮೀಟರಿನ ಒಳಗೆ ವಾಟ್ಸಾಪ್ ಫೋಟೋ ಕಳಿಸಲು ಗುಡ್ಡ ಹತ್ತುವವರಿದ್ದಾರೆ. ಆ ಎತ್ತರದ ಉಪಗ್ರಹದ ಮೂಲಕ ಮಾತು ಹೋಗಿ ಉತ್ತರ ಬರಲು ಬೆಳಕಿನ ವೇಗದಲ್ಲೇ ಅರ್ಧ ಸೆಕೆಂಡು ಬೇಕು, ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿ ಒಟ್ಟಿಗೇ ನಿಲ್ಲಿಸುತ್ತಾರೆ. ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೋಮೀಟರಿನಲ್ಲೇ ಸುತ್ತುವುದರಿಂದ ಆ ತೊಂದರೆ ಇಲ್ಲ. ಅದಕ್ಕೆ 2025ರ ಜೂನಿನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಆದರೆ ಅದರ ತಟ್ಟೆಗೆ ತೆರೆದ ಆಕಾಶ ಬೇಕು. ಸಿಲ್ವರ್ ಓಕ್ ನಡುವಿನ ಅಂಗಳದಲ್ಲಿ ಅಷ್ಟು ಆಕಾಶ ಹುಡುಕುವುದೇ ಕೆಲಸ. ಕಾಫಿಗೆ ನೆರಳು ಬೇಕು, ತಟ್ಟೆಗೆ ಬಿಸಿಲು ಬೇಕು, ಇಬ್ಬರನ್ನೂ ಒಂದೇ ಎಕರೆಯಲ್ಲಿ ಸಾಕುವುದು ಹೇಗೆ?

ದುಡ್ಡಿನ ಲೆಕ್ಕ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಬೆಲೆಯಲ್ಲಿ ಅಂಥ ವ್ಯತ್ಯಾಸವೇ ಇಲ್ಲ. ಜಾಹೀರಾತಿನ ಅಂಕಿಗೆ ಶೇಕಡಾ 18 ಜಿಎಸ್‌ಟಿ ಸೇರಿಸಿ ಓದಿ. ಜಿಯೋ ಏರ್‌ಫೈಬರ್ ಶುರುವಾದಾಗ ಕೆಳಗಿನ ಪ್ಲಾನ್ 599 ಇತ್ತು, ಕೈಯಿಂದ ಹೋಗುವುದು 707. ಡೇಟಾ ಮಿತಿ ನೋಡಿ. ಜಿಯೋ, ಏರ್‌ಟೆಲ್ ಫೈಬರ್ ಪ್ಲಾನುಗಳಲ್ಲಿ ತಿಂಗಳಿಗೆ 3,300 ಜಿಬಿ ಆಸುಪಾಸು ಇದ್ದರೆ ಏರ್‌ಫೈಬರಿನಲ್ಲಿ 1,000 ಜಿಬಿ. ಅದೂ ಕಡಿಮೆಯೇನಲ್ಲ. ಎಚ್‌ಡಿ ಸಿನಿಮಾ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ, ಅಂದರೆ ದಿನಕ್ಕೆ ಹನ್ನೊಂದು ಗಂಟೆ ನೋಡಬಹುದು. ಅಷ್ಟು ನೋಡುವವರ ತೋಟ ಯಾರು ನೋಡಿಕೊಳ್ಳುತ್ತಾರೋ! ನಾಲ್ಕು ಜನರ ಮನೆಗೆ 30 ಎಂಬಿಪಿಎಸ್ ನಿಜವಾಗಿ ಬಂದರೆ ಧಾರಾಳ. 300ರ ಪ್ಲಾನ್ ಹಾಕಿಸಿ ಮಣ್ಣಿನ ದಪ್ಪ ಗೋಡೆಯ ಆಚೆ ಕೋಣೆಯಲ್ಲಿ ಎಂಟು ಬಂತು ಅಂತ ಕಂಪನಿಯನ್ನು ಬೈಯುವವರಿದ್ದಾರೆ. ತಪ್ಪು ಗೋಡೆಯದು. ಆ ಹಣದಲ್ಲಿ ಜಗುಲಿಗೆ ಇನ್ನೊಂದು ವೈಫೈ ಡಬ್ಬಿ ಹಾಕಿ.

ಆರು ತಿಂಗಳು, ಒಂದು ವರ್ಷ ಮುಂಗಡ ಕಟ್ಟಿದರೆ ಇಷ್ಟು ಉಚಿತ ಅನ್ನುವ ಕೊಡುಗೆಗೆ ಒಂದು ಮಳೆಗಾಲ ಕಳೆಯುವವರೆಗೆ ಕೈ ಹಾಕಬೇಡಿ. ಹಣ ಅವರ ಕೈಗೆ ಹೋದ ಮೇಲೆ ಏಣಿ ಹೊರುವ ಉತ್ಸಾಹ ಕಡಿಮೆಯಾಗುತ್ತದೆ.

ಕರೆಂಟಿನ ಖರ್ಚನ್ನು ಮಾತ್ರ ಸೇರಿಸಲೇಬೇಕು. ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ಹಾಸನದಲ್ಲಿ ಸೆಸ್ಕ್. ಮಳೆಗಾಲದಲ್ಲಿ ಎರಡೂ ಕಡೆ ಕತ್ತಲೆ ಒಂದೇ ಬಣ್ಣದ್ದು. ಫೈಬರ್ ಡಬ್ಬಿ ಹೆಚ್ಚಾಗಿ 12 ವೋಲ್ಟಿನದು, ಅದಕ್ಕಾಗಿಯೇ ಸಿಗುವ ಸಣ್ಣ ಯುಪಿಎಸ್ ಮೂರು ನಾಲ್ಕು ಗಂಟೆ ಎಳೆಯುತ್ತದೆ. ಆದರೆ ಆ ತುದಿಯಲ್ಲಿ, ಕೇಬಲ್‌ನವರ ಅಂಗಡಿಯಲ್ಲಿರುವ ಯಂತ್ರಕ್ಕೂ ಬ್ಯಾಟರಿ ಬೇಕಲ್ಲ. "ನಿಮ್ಮಲ್ಲಿ ಬ್ಯಾಕಪ್ ಎಷ್ಟು ಗಂಟೆ?" ಅಂತ ಕೇಳಿ. "ಜನರೇಟರ್ ಇದೆ" ಅಂದರೆ ಡೀಸೆಲ್ ಇದೆಯಾ ಅಂತಲೂ ಕೇಳಿ. ಟವರಿನ ಕಥೆಯೂ ಅದೇ.

ಕೆಟ್ಟಾಗ

ದೂರು ಯಾವಾಗಲೂ ಕಂಪನಿಯ ನಂಬರಿಗೋ ಆ್ಯಪಿಗೋ ಕೊಟ್ಟು ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ಬರೆದಿಟ್ಟುಕೊಳ್ಳಿ. ಹುಡುಗನಿಗೆ ಮಾಡಿದ ಫೋನ್ ಕೆಲಸ ಮಾಡಿಸುತ್ತದೆ, ದಾಖಲೆ ಆಗುವುದಿಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಯಾದ ಟ್ರಾಯ್ ನಿಯಮದಲ್ಲಿ ತಂತಿ ಇಂಟರ್ನೆಟ್ ಮೂರು ದಿನಕ್ಕಿಂತ ಹೆಚ್ಚು ಸತ್ತಿದ್ದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದಿದೆ. ನನ್ನ ಹದಿಮೂರು ದಿನಕ್ಕೆ ಅದನ್ನು ಕೇಳಲು ಹೋದಾಗ ಒಂದು ಕಂಪನಿಯವರ ಮೊದಲ ಮಾತೇ "ಕಂಪ್ಲೇಂಟ್ ನಂಬರ್ ಹೇಳಿ ಸರ್". ನನ್ನ ಹತ್ತಿರ ಇದ್ದದ್ದು ಹುಡುಗನ ಜೊತೆಗಿನ ವಾಟ್ಸಾಪ್ ಮಾತ್ರ. ಇನ್ನೊಂದಕ್ಕೆ ಮಗಳು ಆ್ಯಪಿನಲ್ಲಿ ದೂರು ಹಾಕಿದ್ದಳು, ಅದರಲ್ಲಿ ಅಷ್ಟು ದಿನದ ಹಣ ಮುಂದಿನ ಬಿಲ್ಲಿನಲ್ಲಿ ಕಳೆದರು. ಮೊದಲ ದೂರಿಗೆ ಉತ್ತರ ಸರಿ ಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದೂರಸಂಪರ್ಕದ ತಕರಾರು ಅಲ್ಲಿ ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿಯಾಗಿದೆ.

ಹಾಗಾದರೆ ಯಾರಿಗೆ ಯಾವುದು?

ಪೇಟೆಯಲ್ಲಿದ್ದು ಮೂರ್ನಾಲ್ಕು ಫೈಬರ್ ಸಿಗುವವರು ಕಡಿಮೆ ಬೆಲೆಯದ್ದನ್ನು ತಿಂಗಳ ಲೆಕ್ಕದಲ್ಲಿ ಹಾಕಿಸಿ, ಸರಿಯಿಲ್ಲದಿದ್ದರೆ ಬಿಡಿ. ಯೋಚನೆಗೆ ಸಮಯ ಹಾಳು ಮಾಡಬೇಡಿ. ಹಳ್ಳಿಯಲ್ಲಿ ಒಂದೇ ಫೈಬರ್ ಇದ್ದು ಮನೆಯಲ್ಲಿ ಫೋನ್, ಟಿವಿ ಮಾತ್ರ ಅಂದರೆ ಅದೊಂದೇ ಸಾಕು, ಜುಲೈನಲ್ಲಿ ನಾಲ್ಕು ದಿನ ಹೋದರೆ ಪುಸ್ತಕ ಓದಬಹುದು. ಮನೆಯಿಂದ ಕೆಲಸ ಮಾಡುವವರಿದ್ದರೆ ಎರಡು ಬೇಕು, ಆದರೆ ಒಂದು ಕಂಬದ ಮೇಲೆ, ಒಂದು ಗಾಳಿಯಲ್ಲಿ. ಎರಡು ಫೈಬರ್ ಹಾಕಿಸುವುದು ಒಂದೇ ಎಮ್ಮೆಗೆ ಎರಡು ಹಗ್ಗ ಕಟ್ಟಿದ ಹಾಗೆ. ಗಾಳಿಯದ್ದು ಆರಿಸುವಾಗಲೂ ಮನೆಯವರ ಫೋನಿನಲ್ಲಿರುವ ಕಂಪನಿ ಬಿಟ್ಟು ಬೇರೆಯದನ್ನೇ ತೆಗೆದುಕೊಳ್ಳಿ, ಆಗ ಮೂರು ದಾರಿಯಾಗುತ್ತದೆ. ತೋಟಕ್ಕೆ ಕ್ಯಾಮೆರಾ ಹಾಕುವವರು ಕ್ಯಾಮೆರಾ ಕೊಳ್ಳುವ ಮುಂಚೆ ಅಂಗಡಿಯವನಿಗೆ ನಿಮ್ಮ ಇಂಟರ್ನೆಟ್ ಯಾವುದು ಅಂತ ಹೇಳಿಬಿಡಿ. ಕ್ಯಾಮೆರಾದ ದೃಶ್ಯ ಉಳಿಸಿಡುವ ಕೆಲವು ಹಳೇ ಬಗೆಯ ಪೆಟ್ಟಿಗೆಗಳು ಸಿಮ್ ಇಂಟರ್ನೆಟ್ಟಿನಲ್ಲಿ ಹೊರಗಿನಿಂದ ತೆರೆಯುವುದಿಲ್ಲ.

ಹಾಕಿಸುವ ಮುಂಚೆ ಅದೇ ಲೈನಿನ ಹಿಂದಿನ ಮನೆಯವರನ್ನು ಒಂದೇ ಮಾತು ಕೇಳಿ: ಹೋದ ಮಳೆಗಾಲದಲ್ಲಿ ಎಷ್ಟು ದಿನ ಇರಲಿಲ್ಲ, ಯಾರು ಬಂದು ಸರಿ ಮಾಡಿದರು? ಹೆಸರು ಹೇಳಿ "ಅವನು ಬಂದ" ಅಂದರೆ ಹಾಕಿಸಿ. "ಯಾರೋ ಬಂದಿದ್ರು" ಅಂದರೆ ಇನ್ನೊಮ್ಮೆ ಯೋಚಿಸಿ.

ನಮ್ಮ ಮನೆಯಲ್ಲಿ ಈಗ ಕೇಬಲ್‌ನವರ ಫೈಬರ್ ಒಂದು, ಟ್ಯಾಂಕಿನ ಕಂಬಕ್ಕೆ ಕಟ್ಟಿದ ಸಿಮ್ ರೂಟರ್ ಒಂದು. ಎರಡನೇ ಫೈಬರ್ ತೆಗೆಸಿದೆ. ಈ ವರ್ಷ ಮರಗಸಿಗೆ ಮುಂಚೆ ಲೈನಿನ ಹುಡುಗನನ್ನೂ ಗಸಿ ಮಾಡುವವರನ್ನೂ ಒಟ್ಟಿಗೇ ಕರೆದು, ತಂತಿ ಹೋಗುವ ದಾರಿಯುದ್ದಕ್ಕೂ ನಡೆಸಿ, ಯಾವ ಕೊಂಬೆ ಯಾವ ಕಡೆ ಬೀಳಿಸಬೇಕು ಅಂತ ತೋರಿಸಿದೆ. ಗಸಿಯವರು ನಕ್ಕರು. ಆರಿದ್ರಾ ಕಳೆಯಿತು, ಪುನರ್ವಸು ಕಳೆಯಿತು, ಪುಷ್ಯ ಹೊಯ್ಯುತ್ತಿದೆ. ಇವತ್ತಿನವರೆಗೆ ಕೆಂಪು ದೀಪ ಎರಡೇ ಸಲ, ಎರಡು ಸಲವೂ ಹುಡುಗ ಸಂಜೆಯೊಳಗೆ ಬಂದ. ಒಂದು ಸಲ ಅವನ ಬೈಕು ನಮ್ಮ ಏರಿನಲ್ಲಿ ಹೂತುಕೊಂಡು, ಅದನ್ನು ಎಳೆಯುವುದಕ್ಕೇ ರಿಪೇರಿಗಿಂತ ಹೆಚ್ಚು ಹೊತ್ತಾಯಿತು.